ಹದಿನಾರು ಎರಡಾಣೆಗಳ ಬೆಳ್ಳಿ ಸೆಟ್: ಹದಿನಾರಾಣೆಗೆ ಹನ್ನೊಂದಾಣೆ

ಬ್ರಿಟಿಷ್ ಇಂಡಿಯಾದ ಬೆಳ್ಳಿ ನಾಣ್ಯಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಎರಡಾಣೆ. ಅದರ ಅಡ್ಡಳತೆ ಸುಮಾರು 15 ಮಿಲಿಮೀಟರ್, ತೂಕ 1.46 ಗ್ರಾಂ. ಕಿರುಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಈ ಬಿಲ್ಲೆಯನ್ನು ನೆಲಕ್ಕೆ ಬೀಳಿಸಿದರೆ ಹುಡುಕುವುದಕ್ಕೆ ಮೊಣಕಾಲೂರಬೇಕಾಗುತ್ತದೆ. ರೂಪಾಯಿ, ಅರ್ಧ ರೂಪಾಯಿಗಳನ್ನು ಸಂಗ್ರಹಿಸುವವರು ಸಾಮಾನ್ಯವಾಗಿ ಇದನ್ನು ಕೊನೆಗೆಂದು ಬಿಟ್ಟಿರುತ್ತಾರೆ. ನಾನೂ ಹಾಗೆಯೇ ಬಿಟ್ಟಿದ್ದೆ. ಒಬ್ಬ ನಾಣ್ಯ ವ್ಯಾಪಾರಿಯ ಪಟ್ಟಿಯಲ್ಲಿ ‘ಎರಡು ರೂಪಾಯಿ ಸೆಟ್’ ಎಂಬ ಹೆಸರಿನಲ್ಲಿ ಹದಿನಾರು ಎರಡಾಣೆಗಳನ್ನು ಆಲ್ಬಮ್ ಸಹಿತ 7,200 ರೂಪಾಯಿಗೆ ಕೊಡುತ್ತಿರುವುದನ್ನು ಕಂಡು, ಒಂದೊಂದಕ್ಕೆ 450 ರೂಪಾಯಿ ಬೀಳುತ್ತದೆಂದು ಲೆಕ್ಕ ಹಾಕಿ ತರಿಸಿಕೊಂಡೆ. ವ್ಯಾಪಾರಿಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಇಂಥ ಸೆಟ್ಟುಗಳನ್ನು ಹಲವರು ಹೆಚ್ಚುಕಡಿಮೆ ಇದೇ ಕ್ರಮದಲ್ಲಿ ಜೋಡಿಸಿ ಮಾರುವುದರಿಂದ, ಕೊಳ್ಳುವವರಿಗೆ ಅಂಗಡಿಗಿಂತ ಸೆಟ್ಟಿನ ಗುಣದೋಷಗಳೇ ಹೆಚ್ಚು ಉಪಯೋಗಕ್ಕೆ ಬರುತ್ತವೆ.

ಸೆಟ್ಟಿಗೆ ಇಟ್ಟ ಹೆಸರಂತೂ ಚೆನ್ನಾಗಿದೆ. ಎಂಟು ಎರಡಾಣೆಗೆ ಒಂದು ರೂಪಾಯಿ, ಹದಿನಾರಕ್ಕೆ ಎರಡು. 1835ರ ಕಾಯ್ದೆಯಿಂದ ಕಂಪನಿ ಸರ್ಕಾರದ ರೂಪಾಯಿ 180 ಗ್ರೇನ್ ತೂಕಕ್ಕೆ, ಅಂದರೆ ಸರಿಯಾಗಿ ಒಂದು ತೊಲಕ್ಕೆ ನಿಂತಿತು. ಎರಡಾಣೆ ಅದರ ಎಂಟನೆಯ ಒಂದು ಭಾಗವಾದ 22.5 ಗ್ರೇನ್. ಹಾಗಾಗಿ ಹೊಸದಾಗಿದ್ದಾಗ ಈ ಹದಿನಾರು ನಾಣ್ಯಗಳನ್ನು ತಕ್ಕಡಿಗೆ ಹಾಕಿದ್ದರೆ ಮುಖಬೆಲೆಯೂ ಎರಡು, ತೂಕವೂ ಎರಡು ತೊಲ. ರೂಪಾಯಿಯನ್ನೇ ತೂಕದ ಬಟ್ಟಾಗಿ ಬಳಸುತ್ತಿದ್ದ ಅಕ್ಕಸಾಲಿಗರಿಗೆ ಇದು ದಿನನಿತ್ಯದ ಲೆಕ್ಕವಾಗಿತ್ತು. ಹನ್ನೆರಡು ಭಾಗದಲ್ಲಿ ಹನ್ನೊಂದು ಭಾಗ ಬೆಳ್ಳಿ, ಉಳಿದದ್ದು ಬೆರಕೆ ಎಂಬುದು ಆಗಿನ ನಿಯಮ. ಈಗಿನ ಮಾತಿನಲ್ಲಿ ಶೇಕಡಾ 91.7. ಆದರೆ ಆಲ್ಬಮ್ಮಿನ ಮೊದಲ ಪುಟದಲ್ಲಿ ದಪ್ಪ ಅಕ್ಷರಗಳಲ್ಲಿ ‘ಶೇಕಡಾ 100 ಶುದ್ಧ ಬೆಳ್ಳಿ’ ಎಂದು ಅಚ್ಚಾಗಿದೆ. ನಾಣ್ಯ ಮಾರುವವರು ತಪ್ಪಬಾರದ ಮೊದಲ ಅಂಕಿಯಲ್ಲೇ ತಪ್ಪಿದ್ದಾರೆ. ಶುದ್ಧ ಬೆಳ್ಳಿ ಮೆದು. ಕೈಯಿಂದ ಕೈಗೆ ತಿರುಗುವ ಚಿಲ್ಲರೆಯನ್ನು ಯಾವ ಟಂಕಸಾಲೆಯೂ ಅದರಲ್ಲಿ ಅಚ್ಚು ಹಾಕುತ್ತಿರಲಿಲ್ಲ. ಪೂರ್ಣ ತೂಕವನ್ನೇ ಹಿಡಿದರೂ ಹದಿನಾರು ನಾಣ್ಯಗಳಲ್ಲಿರುವ ಅಸಲು ಬೆಳ್ಳಿ 21.4 ಗ್ರಾಂ ಮಾತ್ರ. ಕೊಳ್ಳುವ ದಿನದ ಬೆಳ್ಳಿಯ ದರಕ್ಕೆ ಅದನ್ನು ಗುಣಿಸಿ ನೋಡಿದರೆ, ಕೊಟ್ಟ ಹಣದಲ್ಲಿ ಲೋಹಕ್ಕೆಷ್ಟು, ಚರಿತ್ರೆಗೆಷ್ಟು ಎಂಬುದು ತಿಳಿಯುತ್ತದೆ. ಆ ಲೆಕ್ಕವನ್ನು ಕೊಳ್ಳುವ ಮೊದಲೇ ಮಾಡುವುದು ಒಳ್ಳೆಯದು.

ನಾಣ್ಯಗಳ ಆಯ್ಕೆಯಲ್ಲಿ ಮಾತ್ರ ಜೋಡಿಸಿದವರ ತಿಳಿವಳಿಕೆ ಕಾಣುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಹೆಸರಿರುವ 1841ರದು ಒಂದು, ‘ವಿಕ್ಟೋರಿಯಾ ಕ್ವೀನ್’ ಎಂದಿರುವ 1862ರವು ಎರಡು, ‘ವಿಕ್ಟೋರಿಯಾ ಎಂಪ್ರೆಸ್’ ಎಂದಿರುವವು ಐದು, ಏಳನೆಯ ಎಡ್ವರ್ಡನವು ಮೂರು, ಐದನೆಯ ಜಾರ್ಜನವು ಐದು. ನಾಲ್ಕನೆಯ ವಿಲಿಯಮನ ಹೆಸರಿನಲ್ಲಿ 1835ರ ರೂಪಾಯಿ, ಅರ್ಧ, ಪಾವಲಿಗಳಿವೆಯೇ ಹೊರತು ಬೆಳ್ಳಿಯ ಎರಡಾಣೆ ಇಲ್ಲ. ಹಾಗಾಗಿ ಈ ಸರಣಿ ವಿಕ್ಟೋರಿಯಾಳಿಂದಲೇ ಆರಂಭವಾಗಬೇಕು, ಇಲ್ಲಿಯೂ ಹಾಗೆಯೇ ಆಗಿದೆ. ಒಂದು ಶತಮಾನದ ಮುಕ್ಕಾಲು ಭಾಗ ಒಂದು ಅಂಗೈಯಲ್ಲಿ ಹಿಡಿಸುತ್ತದೆ ಎಂಬುದೇ ಈ ಚಿಕ್ಕ ನಾಣ್ಯದ ಸೊಗಸು.

1862ರ ಎರಡು ನಾಣ್ಯಗಳನ್ನು ಪಕ್ಕಪಕ್ಕ ಕೊಟ್ಟಿರುವುದು ಮೊದಲು ದುಂದೆನಿಸಿತು. ಭೂತಗನ್ನಡಿ ಹಿಡಿದ ಮೇಲೆ ಅಭಿಪ್ರಾಯ ಬದಲಾಯಿತು. 1862 ಎಂದು ಬರೆದ ನಾಣ್ಯಗಳೆಲ್ಲ ಆ ಒಂದೇ ವರ್ಷದ್ದಲ್ಲ. 1874ರಲ್ಲಿ ಹೊಸ ವರ್ಷವನ್ನು ಅಚ್ಚಿನ ಮೇಲೆ ತರುವವರೆಗೂ ಹಳೆಯ ಇಸವಿಯನ್ನೇ ಮುಂದುವರಿಸಿದರು. ಹಲವು ಅಚ್ಚುಗಳಲ್ಲಿ ಹೊಡೆದವಾದ್ದರಿಂದ ನನ್ನ ಎರಡರಲ್ಲೂ ರಾಣಿಯ ಕಿರೀಟದ ಮಣಿಗಳು, ಉಡುಪಿನ ಹೂಗೆರೆಗಳು ಒಂದೇ ಬಗೆಯಾಗಿ ಕೂತಿಲ್ಲ. ಆಲ್ಬಮ್ಮಿನ ಚೀಟಿಯಲ್ಲಿ ಈ ವಿಷಯ ಒಂದಕ್ಷರವೂ ಇಲ್ಲ. ಎರಡಕ್ಕೂ ‘1862, ಮೊದಲ ವರ್ಷ’ ಎಂದು ಒಂದೇ ಚೀಟಿ ಅಂಟಿಸಿದ್ದಾರೆ.

ಚೀಟಿಗಳ ವಿಷಯ ಬಂದಮೇಲೆ ಅದನ್ನು ಇಲ್ಲಿಯೇ ಮುಗಿಸುತ್ತೇನೆ. 1877ರ ನಾಣ್ಯದ ಕೆಳಗೆ ‘ಮದ್ರಾಸ್ ಟಂಕಸಾಲೆ’ ಎಂದಿದೆ. ಮದ್ರಾಸಿನ ಟಂಕಸಾಲೆ 1869ರಲ್ಲೇ ಮುಚ್ಚಿತ್ತು. 1877ರ ನಾಣ್ಯ ಕಲ್ಕತ್ತೆಯದಾಗಿರಬೇಕು ಇಲ್ಲವೇ ಮುಂಬಯಿಯದಾಗಿರಬೇಕು. ಅದೇ ವರ್ಷದಿಂದ ‘ಕ್ವೀನ್’ ಹೋಗಿ ‘ಎಂಪ್ರೆಸ್’ ಬಂದದ್ದು ಏಕೆಂಬುದನ್ನು ಚೀಟಿ ಹೇಳಿದ್ದರೆ ಚೆನ್ನಾಗಿತ್ತು. 1876ರಲ್ಲಿ ಬ್ರಿಟಿಷ್ ಸಂಸತ್ತು ಬಿರುದಿನ ಕಾಯ್ದೆಯನ್ನು ಅಂಗೀಕರಿಸಿತು, 1877ರ ಜನವರಿ 1ರಂದು ದೆಹಲಿಯ ದರ್ಬಾರಿನಲ್ಲಿ ಅದನ್ನು ಸಾರಲಾಯಿತು, ಅದೇ ವರ್ಷ ಎರಡಾಣೆಯ ಮೇಲೂ ಆ ಪದ ಬಂದು ಕೂತಿತು. ದಕ್ಷಿಣ ಭಾರತ ಭೀಕರ ಕ್ಷಾಮದಲ್ಲಿ ನರಳುತ್ತಿದ್ದ ವರ್ಷವೂ ಅದೇ. ಮೈಸೂರು ಸೀಮೆಯ ಹಳ್ಳಿಗಳು ಖಾಲಿಯಾಗುತ್ತಿದ್ದಾಗ ಅಚ್ಚಾದ ಈ ‘ಸಾಮ್ರಾಜ್ಞಿ’ಯ ನಾಣ್ಯವನ್ನು ಕೈಯಲ್ಲಿ ಹಿಡಿದರೆ ಅದರ 1.46 ಗ್ರಾಂ ಹೆಚ್ಚೇ ಭಾರವೆನಿಸುತ್ತದೆ.

ಇನ್ನು ನಾಣ್ಯಗಳ ಸ್ಥಿತಿ. ಸೆಟ್ಟಿನ ನಿಜವಾದ ಪರೀಕ್ಷೆ ನಡೆಯುವುದು ಇಲ್ಲಿ, ಇದು ಸೋತಿರುವುದೂ ಇಲ್ಲಿಯೇ. ಪಟ್ಟಿಯಲ್ಲಿ ಎಲ್ಲವನ್ನೂ ‘ಫಳಫಳ ಹೊಳೆಯುವ, ಹೊಸದರಂತಿರುವ’ ಎಂದು ಬಣ್ಣಿಸಿದ್ದರು. ನೂರು ವರ್ಷ ದಾಟಿದ ಬೆಳ್ಳಿ ಫಳಫಳ ಹೊಳೆಯುತ್ತಿದ್ದರೆ ಸಂಗ್ರಾಹಕನಿಗೆ ಮೊದಲು ಬರಬೇಕಾದದ್ದು ಅನುಮಾನ. ಅಚ್ಚಿನಿಂದ ಹೊರಬಿದ್ದ ನಾಣ್ಯಕ್ಕೆ ಒಂದು ಬಗೆಯ ಹೊಳಪಿರುತ್ತದೆ. ದೀಪದ ಕೆಳಗೆ ಮೆಲ್ಲಗೆ ಓರೆ ಮಾಡಿದರೆ ಬೆಳಕು ಗಾಡಿಯ ಚಕ್ರದ ಅರೆಕಾಲುಗಳಂತೆ ಸುತ್ತು ಬರುತ್ತದೆ. ತಿಕ್ಕಿದ ನಾಣ್ಯದಲ್ಲಿ ಬೆಳಕು ಸುತ್ತುವುದಿಲ್ಲ, ಒಮ್ಮೆಲೇ ಕಣ್ಣಿಗೆ ಹೊಡೆಯುತ್ತದೆ. ‘ಎಂಪ್ರೆಸ್’ ನಾಣ್ಯಗಳಲ್ಲಿ ಎರಡು ಈ ಜಾತಿಯವು. ಹತ್ತು ಪಟ್ಟು ಹಿಗ್ಗಿಸುವ ಗಾಜಿನ ಕೆಳಗೆ ರಾಣಿಯ ಕೆನ್ನೆಯ ಮೇಲೆ ಒಂದೇ ದಿಕ್ಕಿನಲ್ಲಿ ಎಳೆದ ಕೂದಲೆಳೆಯಂಥ ಗೀರುಗಳು, ಅಕ್ಷರಗಳ ಸಂದಿಯಲ್ಲಿ ಬಿಳಿಯ ಪುಡಿ. ನಮ್ಮ ಮನೆಗಳಲ್ಲಿ ಬೆಳ್ಳಿಯ ದೀಪ, ಪಂಚಪಾತ್ರೆಗಳನ್ನು ವಿಭೂತಿಯಿಂದ ತಿಕ್ಕಿ ಬೆಳಗುವುದು ವಾಡಿಕೆ, ಪಾತ್ರೆಗೆ ಅದು ಒಪ್ಪುತ್ತದೆ. ನಾಣ್ಯಕ್ಕೆ ವಿಭೂತಿಯಾಗಲಿ, ಹುಣಸೆಹಣ್ಣಾಗಲಿ, ಹಲ್ಲುಪುಡಿಯಾಗಲಿ ತಗುಲಿದರೆ ಅದರ ಮೂಲ ಮೈ ಹೋದಂತೆಯೇ, ಮತ್ತೆ ಬರುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅಂಶದೊಂದಿಗೆ ಸೇರಿ ವರ್ಷಗಟ್ಟಲೆ ಕೂತ ತೆಳುಗಪ್ಪು ಬೆಳ್ಳಿಯ ಮೇಲಿನ ಕೊಳೆಯಲ್ಲ, ಅದು ಬೆಳ್ಳಿಯದೇ ಪದರ. ತಿಕ್ಕಿದಾಗ ಹೋಗುವುದು ಬೆಳ್ಳಿಯೇ. ರೂಪಾಯಿಯಂಥ ದೊಡ್ಡ ನಾಣ್ಯದಲ್ಲಿ ಇಂಥ ಗೀರುಗಳು ಸ್ವಲ್ಪ ಅಡಗಿಯಾವು; ಎರಡಾಣೆಯ ಮೇಲೆ ರಾಣಿಯ ಇಡೀ ಮುಖವೇ ಒಂದು ಉದ್ದಿನ ಬೇಳೆಯಷ್ಟಿರುವಾಗ ನಾಲ್ಕು ಗೀರು ಬಿದ್ದರೆ ಮುಖವೇ ಅಳಿಸುತ್ತದೆ.

ಎಡ್ವರ್ಡನ ಮೂರರಲ್ಲಿ ಒಂದಕ್ಕೆ ತೂತು ಹೊಡೆದು, ಅನಂತರ ಯಾರೋ ಬೆಳ್ಳಿ ತುಂಬಿಸಿ ಮುಚ್ಚಿದ್ದಾರೆ. ಮುಮ್ಮುಖದಲ್ಲಿ ಕೆಲಸ ಅಚ್ಚುಕಟ್ಟಾಗಿದ್ದು ಬರಿಗಣ್ಣಿಗೆ ಸಿಕ್ಕುವುದಿಲ್ಲ, ಹಿಮ್ಮುಖದಲ್ಲಿ ಒಂದು ಅಕ್ಷರ ಮಾತ್ರ ಉಳಿದವುಗಳಿಗಿಂತ ದಪ್ಪವಾಗಿ ಸಿಕ್ಕಿಬೀಳುತ್ತದೆ. 1862ರ ಎರಡರಲ್ಲಿ ಒಂದಕ್ಕೆ ನೆತ್ತಿಯ ಮೇಲಿನ ಅಂಚಿನಲ್ಲಿ ಬೆಸುಗೆಯ ಗುರುತಿದೆ, ಅಂದರೆ ಎಂದೋ ಕೊಂಡಿ ಹಾಕಿ ಸರಕ್ಕೆ ಕಟ್ಟಿದ್ದ ನಾಣ್ಯ. ಹೀಗಾಗುವುದು ಆಶ್ಚರ್ಯವಲ್ಲ. ಹಗುರವಾಗಿ, ಚಿಕ್ಕದಾಗಿ, ಬೆಳ್ಳಿಯದಾಗಿದ್ದ ಎರಡಾಣೆ ಆಭರಣಕ್ಕೆ ಹೇಳಿ ಮಾಡಿಸಿದಂತಿತ್ತು. ನಮ್ಮ ಲಂಬಾಣಿ ಹೆಂಗಸರ ಉಡುಪಿನಲ್ಲಿ, ತೋಳು ಕೊರಳಿನ ಒಡವೆಗಳಲ್ಲಿ ಹಳೆಯ ಬಿಲ್ಲೆಗಳನ್ನು ಇಂದಿಗೂ ನೋಡಬಹುದು. ಅಂಗಿಯ ಗುಂಡಿಯಾಗಿಯೂ ಬೆಳ್ಳಿಯ ಚಿಲ್ಲರೆ ಬಳಕೆಯಲ್ಲಿತ್ತು. ವ್ಯಾಪಾರಿ ಇದನ್ನು ‘ಒಡವೆಯಿಂದ ಬಿಡಿಸಿದ್ದು’ ಎಂದು ಬರೆದು ಅರ್ಧ ಬೆಲೆ ಹಾಕಿದ್ದರೆ ನಾನು ಸಂತೋಷದಿಂದ ಕೊಳ್ಳುತ್ತಿದ್ದೆ. ಹೊಸದರಂತಿದೆ ಎಂದು ಕೊಟ್ಟದ್ದರಿಂದ ಬೇಸರವಾಯಿತು.

ಐದನೆಯ ದೋಷ ಎಲ್ಲಕ್ಕಿಂತ ದೊಡ್ಡದು. ‘ಎಂಪ್ರೆಸ್’ ಸಾಲಿನ ಮತ್ತೊಂದು ನಾಣ್ಯ ತಕ್ಕಡಿಯಲ್ಲಿ 1.22 ಗ್ರಾಂ ತೂಗಿತು. ಚಲಾವಣೆಯಲ್ಲಿ ಸವೆದ ಎರಡಾಣೆ 1.40 ಗ್ರಾಂಗೆ ಇಳಿಯುವುದನ್ನು ನಾನು ಕಂಡಿದ್ದೇನೆ, ಆದರೆ ಅಷ್ಟು ಸವೆದದ್ದರಲ್ಲಿ ಅಕ್ಷರಗಳು ಅಂಚಿಗೆ ಕರಗಿರುತ್ತವೆ. ಇದರಲ್ಲಿ ಅಕ್ಷರಗಳು ತಕ್ಕಮಟ್ಟಿಗೆ ಎದ್ದು ನಿಂತಿದ್ದವು, ತೂಕ ಮಾತ್ರ ಇರಲಿಲ್ಲ. ಬೆಳ್ಳಿ ಎಂಬ ಪದವನ್ನು ಹೆಸರಿನಲ್ಲಿ ಮಾತ್ರ ಇಟ್ಟುಕೊಂಡಿರುವ ಜರ್ಮನ್ ಸಿಲ್ವರ್ ನಿಜವಾಗಿ ತಾಮ್ರ, ನಿಕಲ್, ಸತುವುಗಳ ಮಿಶ್ರಣ. ಅದರ ಸಾಂದ್ರತೆ ಸುಮಾರು 8.7, ನಾಣ್ಯದ ಬೆಳ್ಳಿಯದು ಸುಮಾರು 10.3. ಅದೇ ಅಳತೆಯ ಬಿಲ್ಲೆಯನ್ನು ಜರ್ಮನ್ ಸಿಲ್ವರಿನಲ್ಲಿ ಮಾಡಿದರೆ 1.23 ಗ್ರಾಂ ಬರಬೇಕು, ಬಂದದ್ದು ಹೆಚ್ಚುಕಡಿಮೆ ಅಷ್ಟೇ. ಅಯಸ್ಕಾಂತದ ಪರೀಕ್ಷೆಯನ್ನು ನಂಬಿ ಕೂತವರಿಗೆ ಇದು ತಿಳಿದಿರಲಿ: ಬೆಳ್ಳಿಯಂತೆ ಜರ್ಮನ್ ಸಿಲ್ವರೂ ಅಯಸ್ಕಾಂತಕ್ಕೆ ಅಂಟುವುದಿಲ್ಲ. ನೀರಿನಲ್ಲಿ ಮುಳುಗಿಸಿ ತೂಗುವ ಪರೀಕ್ಷೆ ರೂಪಾಯಿಗೆ ಒಳ್ಳೆಯದು. ಎರಡಾಣೆಯ ಒಟ್ಟು ಗಾತ್ರವೇ 0.14 ಘನ ಸೆಂಟಿಮೀಟರಿನಷ್ಟಿರುವುದರಿಂದ, 0.01 ಗ್ರಾಂವರೆಗೆ ತೋರಿಸುವ ಸಾಮಾನ್ಯ ತಕ್ಕಡಿಯಲ್ಲಿ ಒಂದು ಅಂಕಿ ಅತ್ತಿತ್ತ ಆದರೂ ಉತ್ತರ ಕೆಡುತ್ತದೆ. ಮಿಲಿಗ್ರಾಂ ತಕ್ಕಡಿ ಇಲ್ಲದವರು ಗಾಳಿಯಲ್ಲಿನ ತೂಕ, ಅಡ್ಡಳತೆ, ದಪ್ಪ ಈ ಮೂರನ್ನೂ ಒಂದು ಖಚಿತವಾಗಿ ಅಸಲಿಯಾದ ನಾಣ್ಯದೊಂದಿಗೆ ಹೋಲಿಸಿ ನೋಡುವುದೇ ಲೇಸು. ಅನುಮಾನ ಬಂದದ್ದನ್ನು ಅಕ್ಕಸಾಲಿಗರ ಒರೆಗಲ್ಲಿಗೆ ತಿಕ್ಕಿಸುವವರೂ ಇದ್ದಾರೆ. ಅಸಲಿ ಎಂದು ತೇಲಿದರೆ ಅಂಚಿಗೆ ಗಾಯ ಮಾಡಿದ ಪಾಪ ನಮ್ಮದಾಗುವುದರಿಂದ ನಾನದನ್ನು ಮಾಡಿಸಲಿಲ್ಲ.

ವ್ಯಾಪಾರಿಗೆ ತೂಕದ ಚಿತ್ರ ಕಳುಹಿಸಿದೆ. ವಾದ ಮಾಡದೆ ಆ ಒಂದನ್ನು ಹಿಂದಕ್ಕೆ ಪಡೆದು 450 ರೂಪಾಯಿಯನ್ನು ಮೂರು ವಾರದಲ್ಲಿ ಮರಳಿಸಿದರು. ಉಳಿದ ನಾಲ್ಕಕ್ಕೆ ಸಂಬಂಧಿಸಿದಂತೆ, ‘ಸ್ವಚ್ಛಗೊಳಿಸಿದ್ದರಿಂದ ಅಂದ ಹೆಚ್ಚಾಗಿದೆ’ ಎಂಬ ಉತ್ತರ ಬಂತು. ಈ ಮಾತಿನಲ್ಲಿ ಮೋಸಕ್ಕಿಂತ ಅಭಿರುಚಿಯ ಅಂತರವೇ ಹೆಚ್ಚಿದೆ ಎಂದು ನನ್ನ ಎಣಿಕೆ. ಉಡುಗೊರೆ ಕೊಡಲು ಕೊಳ್ಳುವವರು ಹೊಳೆಯುವುದನ್ನೇ ಕೇಳುತ್ತಾರೆ, ಮಾರುವವರು ಹೊಳೆಯಿಸುತ್ತಾರೆ. ಹಾಗಿದ್ದರೆ ಹೊಳೆಯಿಸಿದ್ದೇವೆ ಎಂದು ಪಟ್ಟಿಯಲ್ಲಿ ಬರೆಯಬೇಕಿತ್ತು.

ಉಳಿದ ಹನ್ನೊಂದರ ವಿಷಯದಲ್ಲಿ ನನಗೆ ದೂರಿಲ್ಲ, ಕೆಲವಂತೂ ಕೊಟ್ಟ ಬೆಲೆಗೆ ಮೀರಿದವು. 1841ರದು ಸವೆದಿದ್ದರೂ ಮುಟ್ಟದೆ ಉಳಿದ ನಾಣ್ಯ. ಕಿರೀಟವಿಲ್ಲದ ಎಳೆಯ ವಿಕ್ಟೋರಿಯಾಳ ತಲೆ, ಹಿಂದೆ ಎಲೆಬಳ್ಳಿಯ ನಡುವೆ ಇಂಗ್ಲಿಷಿನಲ್ಲೂ ಪರ್ಷಿಯನ್ ಲಿಪಿಯಲ್ಲೂ ಎರಡಾಣೆ, ಸುತ್ತಲೂ ಕಂಪನಿಯ ಹೆಸರು. ಬೆಳ್ಳಿಯ ತಗ್ಗುಗಳಲ್ಲಿ ಸಮನಾದ ಬೂದುಗಪ್ಪು ಕೂತಿದ್ದು ಅಕ್ಷರಗಳನ್ನು ಎತ್ತಿ ತೋರಿಸುತ್ತದೆ. ಸೆಟ್ಟಿನಲ್ಲಿ ಇದೊಂದನ್ನು ಬಿಡಿಯಾಗಿ ಕೊಂಡಿದ್ದರೂ 450ಕ್ಕಿಂತ ಹೆಚ್ಚು ತೆರಬೇಕಾಗುತ್ತಿತ್ತು. ಎಡ್ವರ್ಡನ ಉಳಿದೆರಡು, ವಿಶೇಷವಾಗಿ 1910ರದು, ಕಿವಿಯ ಮೇಲಿನ ಕೂದಲೂ ಗಡ್ಡವೂ ಎಳೆ ಎಳೆಯಾಗಿ ಕಾಣುವಷ್ಟು ಚೆನ್ನಾಗಿವೆ. ಬರಿದಲೆಯ ಎಡ್ವರ್ಡನಲ್ಲಿ ಮೊದಲು ಸವೆಯುವುದು ಆ ಜಾಗವೇ ಆದ್ದರಿಂದ ನೋಡಬೇಕಾದದ್ದೂ ಅಲ್ಲಿಯೇ. 1901ರ ವಿಕ್ಟೋರಿಯಾ ಆದಮೇಲೆ 1903ರ ಎಡ್ವರ್ಡ್ ಬರುವುದನ್ನು ಕಂಡು 1902ರದು ಬಿಟ್ಟುಹೋಗಿದೆ ಎಂದು ದೂರಬೇಕಾಗಿಲ್ಲ, ಎಡ್ವರ್ಡನ ಬೆಳ್ಳಿ ಆರಂಭವಾಗುವುದೇ 1903ರಿಂದ.

ಜಾರ್ಜನ ಐದರಲ್ಲಿ 1911ರದಕ್ಕೆ ಆಲ್ಬಮ್ಮಿನಲ್ಲಿ ಒಂದು ಇಡೀ ಪುಟ ಸಿಕ್ಕಿದೆ. ಆ ವರ್ಷದ ರೂಪಾಯಿಯ ಮೇಲೆ ರಾಜನ ನಿಲುವಂಗಿಯ ಸರಪಳಿಯಲ್ಲಿರುವ ಆನೆ ಹಂದಿಯಂತೆ ಕಾಣುತ್ತದೆಂದು ಮುಸ್ಲಿಮರಿಂದ ತೀವ್ರ ಆಕ್ಷೇಪ ಬಂದು, ನಾಣ್ಯಗಳನ್ನು ಹಿಂಪಡೆದು ಕರಗಿಸಿ, 1912ರಿಂದ ಆನೆಯ ಸೊಂಡಿಲನ್ನು ತಿದ್ದಿದ ಕತೆ ನಿಜವಾದದ್ದು, ಸ್ವಾರಸ್ಯದ್ದೂ ಹೌದು. ಅದೇ ಆನೆ 1911ರ ಎರಡಾಣೆಯ ಮೇಲೂ ಇದೆ. ಆದರೆ ರೂಪಾಯಿಯ ಕತೆಯನ್ನು ಎರಡಾಣೆಗೆ ಹೊದಿಸಿ ‘ಅತ್ಯಂತ ಅಪರೂಪ’ ಎಂಬ ಮುದ್ರೆ ಒತ್ತಿರುವುದು ಸರಿಯಲ್ಲ. 1911ರ ಎರಡಾಣೆ ಹುಡುಕುವವರಿಗೆ ಸುಲಭವಾಗಿಯೇ ಸಿಕ್ಕುತ್ತದೆ. ಅಲ್ಲದೆ ಇಷ್ಟು ಪುಟ್ಟ ನಾಣ್ಯದಲ್ಲಿ ಆ ಪ್ರಾಣಿ ಸಾಸಿವೆಯಷ್ಟಿದ್ದು, ನನ್ನ ಭೂತಗನ್ನಡಿಗೆ ಆನೆಯೂ ಕಾಣಲಿಲ್ಲ, ಹಂದಿಯೂ ಕಾಣಲಿಲ್ಲ. ಇಸವಿಯನ್ನು ಓದಿಯೇ ನಂಬಬೇಕಾಯಿತು.

ಸೆಟ್ಟು 1917ಕ್ಕೆ ಮುಗಿಯುತ್ತದೆ, ಬೆಳ್ಳಿಯ ಎರಡಾಣೆಯೂ ಆ ವರ್ಷಕ್ಕೇ ಮುಗಿಯಿತು. ಮೊದಲನೆಯ ಮಹಾಯುದ್ಧದಲ್ಲಿ ಬೆಳ್ಳಿಯ ಬೆಲೆ ಏರಿ, ಸರ್ಕಾರಕ್ಕೆ ನಾಣ್ಯದ ಲೋಹ ಹೊಂದಿಸುವುದೇ ಕಷ್ಟವಾಯಿತು. 1917ರ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟು ಬಂತು, ಮರುವರ್ಷ ಅಮೆರಿಕ ಪಿಟ್‌ಮನ್ ಕಾಯ್ದೆಯಡಿ ಕೊಟ್ಟ ಬೆಳ್ಳಿಯಿಂದ ಭಾರತದ ಟಂಕಸಾಲೆಗಳು ಉಸಿರಾಡಿದವು, 1918ರಿಂದ ಎರಡಾಣೆ ತಾಮ್ರ-ನಿಕಲ್ಲಿನ ಚೌಕ ಬಿಲ್ಲೆಯಾಯಿತು. ಈ ತಿರುವನ್ನು ಕಣ್ಣಿಗೆ ಕಟ್ಟಿಸಲು ಆ ಚೌಕ ನಾಣ್ಯ ಒಂದನ್ನು ಹದಿನೇಳನೆಯದಾಗಿ ಇಟ್ಟಿದ್ದರೆ ಸೆಟ್ಟಿನ ಕಳೆಯೇ ಬೇರೆಯಾಗುತ್ತಿತ್ತು. ಅದು ಅಗ್ಗದ ನಾಣ್ಯ, ವ್ಯಾಪಾರಿಗೆ ಹೊರೆಯಾಗುತ್ತಿರಲಿಲ್ಲ. ಅದರ ಮೇಲೆ ಉರ್ದು, ನಾಗರಿ, ಬಂಗಾಳಿಗಳ ಜೊತೆಗೆ ತೆಲುಗಿನಲ್ಲೂ ಬೆಲೆ ಬರೆದಿದೆ. ಕನ್ನಡಕ್ಕೆ ಅಲ್ಲಿ ಜಾಗ ಸಿಕ್ಕಿಲ್ಲ, ಅಕ್ಷರದ ಹೋಲಿಕೆಯಿಂದ ಓದಿಕೊಂಡು ಸಮಾಧಾನಪಡಬೇಕು.

ಆಲ್ಬಮ್ಮನ್ನು ಬಳಸಬೇಡಿ ಎಂದೇ ಹೇಳುತ್ತೇನೆ. ತೆರೆದ ಕೂಡಲೇ ಹೊಸ ಮಳೆಯಂಗಿಯ ವಾಸನೆ ಬರುವ ಮೆತ್ತನೆಯ ಪಿವಿಸಿ ಹಾಳೆ ಅದರದು. ವರ್ಷಗಳು ಕಳೆದಂತೆ ಇಂಥ ಹಾಳೆಗಳು ಬೆವರಿ ನಾಣ್ಯದ ಮೇಲೆ ಹಸಿರು ಅಂಟನ್ನು ಬಿಡುತ್ತವೆ. ಬಂದ ದಿನವೇ ಎಲ್ಲವನ್ನೂ ತೆಗೆದು, ಪಿವಿಸಿ ಇಲ್ಲದ ಗಟ್ಟಿ ಹೋಲ್ಡರುಗಳಿಗೆ ವರ್ಗಾಯಿಸಿದೆ. ಚಿಕ್ಕ ನಾಣ್ಯಕ್ಕೆ ತಕ್ಕ ಅಳತೆಯ ಹೋಲ್ಡರ್ ಆಯ್ದುಕೊಳ್ಳಬೇಕು, ಸಡಿಲವಾದರೆ ಒಳಗೇ ಉರುಳಿ ಅಂಚು ಸವೆಯುತ್ತದೆ. ಪ್ಯಾಕಿಂಗ್ ಮಾತ್ರ ಬಿಗಿಯಾಗಿತ್ತು. ರಬ್ಬರ್ ಬ್ಯಾಂಡ್ ಸುತ್ತಿದ್ದೊಂದು ಬಿಟ್ಟರೆ (ರಬ್ಬರಿನ ಗಂಧಕ ಬೆಳ್ಳಿಯನ್ನು ಬಹುಬೇಗ ಕಪ್ಪಾಗಿಸುತ್ತದೆ) ಹೆಸರಿಡುವಂತಿರಲಿಲ್ಲ.

ಬಿಲ್ಲನ್ನು ಕೇಳಿ ಪಡೆಯಬೇಕಾಯಿತು, ತಾನಾಗಿ ಬರಲಿಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ನಾಣ್ಯ ಪುರಾತನ ವಸ್ತು. ಅದರ ವ್ಯಾಪಾರಕ್ಕೆ ಪರವಾನಗಿ ಬೇಕು, ಖಾಸಗಿಯವರು ಅದನ್ನು ದೇಶದ ಹೊರಗೆ ಕಳುಹಿಸುವಂತಿಲ್ಲ. ಈ ಸೆಟ್ಟಿನ ಕೊನೆಯ ನಾಣ್ಯಕ್ಕೂ 2017ರಲ್ಲೇ ನೂರು ತುಂಬಿದೆ. ಹೊರದೇಶದಲ್ಲಿರುವ ಮಕ್ಕಳಿಗೋ ಮೊಮ್ಮಕ್ಕಳಿಗೋ ಉಡುಗೊರೆಯಾಗಿ ಕಳುಹಿಸುವ ಯೋಚನೆಯಿಂದ ಇಂಥದನ್ನು ಕೊಳ್ಳುವವರು ಇದನ್ನು ತಿಳಿದಿರಬೇಕು. ಪೆಟ್ಟಿಗೆಯೊಳಗೆ, ‘ನಿಮ್ಮ ಹಳೆಯ ನಾಣ್ಯಕ್ಕೆ ಲಕ್ಷಾಂತರ ಬೆಲೆ ಕೊಡಿಸುತ್ತೇವೆ, ನೋಂದಣಿ ಶುಲ್ಕ ಮಾತ್ರ’ ಎಂಬ ಬೇರಾರದೋ ಕರಪತ್ರವೂ ಇತ್ತು. ಹಳೆಯ ನಾಣ್ಯಗಳ ವ್ಯವಹಾರದ ಹೆಸರಿನಲ್ಲಿ ಶುಲ್ಕ, ಕಮಿಷನ್ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲಿಯೇ ಎಚ್ಚರಿಕೆ ಕೊಟ್ಟಿದೆ. ಅಂಥ ಚೀಟಿ ಈ ಪೆಟ್ಟಿಗೆಗೆ ಹೇಗೆ ಬಂತೆಂದು ವ್ಯಾಪಾರಿಯನ್ನು ಕೇಳಿದ್ದಕ್ಕೆ ಉತ್ತರವಿಲ್ಲ.

ಹದಿನಾರರಲ್ಲಿ ಹನ್ನೊಂದು ನಿಂತವು, ಆದ್ದರಿಂದ ಹದಿನಾರಾಣೆಗೆ ಹನ್ನೊಂದಾಣೆ. ಎರಡಾಣೆಯ ಪರಿಚಯವೇ ಇಲ್ಲದವರಿಗೆ, ತಕ್ಕಡಿ ಮತ್ತು ಭೂತಗನ್ನಡಿ ಹತ್ತಿರವಿಟ್ಟುಕೊಂಡು, ದೋಷವಿದ್ದದ್ದನ್ನು ಮರಳಿಸುವ ಷರತ್ತಿನ ಮೇಲೆ ಮಾತ್ರ ಕೊಳ್ಳಲು ಹೇಳಿಯೇನು. ಒಂದೆರಡು ವರ್ಷ ನಾಣ್ಯಗಳನ್ನು ಕೈಯಲ್ಲಿ ಹಿಡಿದು ನೋಡಿದವರು ಇದೇ ಹಣಕ್ಕೆ ಬಿಡಿಬಿಡಿಯಾಗಿ ಎಂಟೋ ಹತ್ತೋ ಮುಟ್ಟದ ನಾಣ್ಯಗಳನ್ನು ಆರಿಸಿಕೊಳ್ಳುವುದು ಉತ್ತಮ. ನನ್ನ ಸೆಟ್ಟಿನಲ್ಲಿ ತಿಕ್ಕಿದ ಎರಡರ ಜಾಗಕ್ಕೆ ಕಪ್ಪು ಮೈಯ ಎರಡು ಬಂದಿವೆ, ತೂತು ಮುಚ್ಚಿದ ಎಡ್ವರ್ಡನಿಗೂ, ಮರಳಿಸಿದ ಖೋಟಾ ನಾಣ್ಯಕ್ಕೂ ಬದಲಿ ಹುಡುಕುತ್ತಿದ್ದೇನೆ. ಕೊಂಡಿಯ ಗುರುತಿನ 1862ರದನ್ನು ಮಾತ್ರ ಬದಲಿಸಿಲ್ಲ, ಯಾರ ಕೊರಳಲ್ಲಿತ್ತೋ ಗೊತ್ತಿಲ್ಲ. ಅದರ ಹೋಲ್ಡರಿನ ಮೇಲೆ ‘ಒಡವೆಯಿಂದ ಬಿಡಿಸಿದ್ದು’ ಎಂದು ನಾನೇ ಬರೆದಿಟ್ಟಿದ್ದೇನೆ.